ಮನೆಬಂಡಿಯ ವಿದ್ಯುತ್ತಿನ ಜಮಾಖರ್ಚು

ಗೃಹಸ್ಥರಾದವರಿಗೆ ಮನೆಯಲ್ಲಿ ದೀಪ ಉರಿಯುವುದೂ ನಲ್ಲಿಯಲ್ಲಿ ನೀರು ಬರುವುದೂ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಅವು ಎಲ್ಲಿಂದ ಬರುತ್ತವೆ, ಇನ್ನೆಷ್ಟು ಉಳಿದಿವೆ ಎಂಬ ಪ್ರಶ್ನೆಯೇ ಮನಸ್ಸಿನಲ್ಲಿ ಹುಟ್ಟುವುದಿಲ್ಲ. ತಿಂಗಳ ಕೊನೆಯಲ್ಲಿ ಬಿಲ್ಲು ಬಂದಾಗ ಯಜಮಾನನ ಹುಬ್ಬು ಒಂದು ಗಳಿಗೆ ಗಂಟಿಕ್ಕುವುದು. ಹಣ ಕಟ್ಟಿದೊಡನೆ ಆ ಯೋಚನೆ ಮರೆಯಾಗುವುದು. ಆದರೆ ಮನೆಯನ್ನೇ ಚಕ್ರಗಳ ಮೇಲೆ ಏರಿಸಿಕೊಂಡು ಊರಿಂದೂರಿಗೆ ಸಂಚರಿಸುವವರ ಪಾಡು ಹೀಗಲ್ಲ. ಅವರ ವಿದ್ಯುತ್ತೆಲ್ಲವೂ ಮಂಚದ ಕೆಳಗಿನ ಒಂದು ಪೆಟ್ಟಿಗೆಯೊಳಗೆ ಇರತಕ್ಕದ್ದು. ಅದು ತೀರಿದರೆ ಬಿಲ್ಲು ಬರುವುದಿಲ್ಲ, ಕತ್ತಲೆ ಬರುವುದು.

ಕ್ಯಾಂಪರ್, ಕ್ಯಾರವಾನ್, ಆರ್. ವಿ. ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ಈ ವಾಹನವನ್ನು ನಾವು ಇಲ್ಲಿ ಮನೆಬಂಡಿಯೆಂದು ಕರೆಯೋಣ. ಹಾಸಿಗೆ, ಒಲೆ, ಫ್ರಿಜ್ಜು, ಶೌಚದ ಕೋಣೆ, ನೀರಿನ ತೊಟ್ಟಿ, ಕುಳಿತು ಉಣ್ಣುವ ಮೇಜು, ಹೀಗೆ ಸಂಸಾರಕ್ಕೆ ಬೇಕಾದುದೆಲ್ಲವೂ ಅದರಲ್ಲಿ ಅಡಕವಾಗಿರುವುದು. ಇಂಥ ಬಂಡಿಗಳ ಜಾತ್ರೆಯನ್ನು ನೋಡಬೇಕೆಂದರೆ ಅಮೆರಿಕದ ಅರಿಜೋನಾ ಸಂಸ್ಥಾನದ ಕ್ವಾರ್ಟ್‌ಸೈಟ್ ಎಂಬ ಊರಿಗೆ ಚಳಿಗಾಲದಲ್ಲಿ ಹೋಗಬೇಕು. ಮರುಭೂಮಿಯ ನಡುವಣ ಈ ಊರಿನ ಕಾಯಂ ಜನಸಂಖ್ಯೆ ೨೦೨೦ರ ಗಣತಿಯಂತೆ ಎರಡೂವರೆ ಸಾವಿರಕ್ಕೂ ಕಡಿಮೆ. ಆದರೆ ಉತ್ತರದಲ್ಲಿ ಹಿಮ ಬೀಳತೊಡಗಿದೊಡನೆ ಅಲ್ಲಿಯ ವೃದ್ಧ ದಂಪತಿಗಳು ಬಂಡಿಗಳನ್ನು ಹೂಡಿಕೊಂಡು ಬೆಚ್ಚನೆಯ ಬಿಸಿಲನ್ನು ಅರಸುತ್ತ ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದಿಳಿಯುವರು. ಊರ ಹೊರಗಿನ ಲಾ ಪೋಸಾ ಎಂಬ ಸರ್ಕಾರಿ ಬಯಲಿನಲ್ಲಿ ಸೆಪ್ಟೆಂಬರ್ ೧೫ರಿಂದ ಏಪ್ರಿಲ್ ೧೫ರವರೆಗೆ ಪರವಾನಗಿ ಪಡೆದು ಬೀಡುಬಿಡಬಹುದು. ಬಯಲೆಂದರೆ ಬರಿಯ ಬಯಲೇ. ಬಂಡಿಗೆ ಜೋಡಿಸಿಕೊಳ್ಳಲು ವಿದ್ಯುತ್ತಿನ ಕಂಬವಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ೧೮೫೬ರಲ್ಲಿ ಅಮೆರಿಕದ ಸೇನೆ ಈ ಮರುಭೂಮಿಗಳಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿತ್ತು. ಅವುಗಳನ್ನು ನಡೆಸಲು ಬಂದವರಲ್ಲಿ ಒಬ್ಬನಾದ ಹಾಜಿ ಅಲಿ ಎಂಬಾತನ ಸಮಾಧಿ ಈ ಊರಿನಲ್ಲಿಯೇ ಇದೆ. ಆತ ೧೯೦೨ರಲ್ಲಿ ತೀರಿಕೊಂಡನು. ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲಾರದೆ ಅಲ್ಲಿಯವರು 'ಹೈ ಜಾಲಿ' ಎಂದು ಕರೆದರು. ಗೋರಿಯ ಮೇಲಿನ ಗೋಪುರದ ತುದಿಯಲ್ಲಿ ಒಂದು ಲೋಹದ ಒಂಟೆ ನಿಂತಿರುವುದು. ನೀರನ್ನು ಹೊಟ್ಟೆಯಲ್ಲಿ ಹೊತ್ತು ನಡೆಯುವ ಪ್ರಾಣಿಗೂ ವಿದ್ಯುತ್ತನ್ನು ಹೊಟ್ಟೆಯಲ್ಲಿ ಹೊತ್ತು ನಡೆಯುವ ಬಂಡಿಗೂ ಒಂದೇ ಊರು ನೆಲೆಯಾದುದು ತಕ್ಕುದೇ ಸರಿ ಎಂದು ತಮಾಷೆಗೆ ಹೇಳಬಹುದಿತ್ತು. ಆದರೆ ಒಂಟೆ ತನ್ನ ಡುಬ್ಬದಲ್ಲಿ ಕೂಡಿಟ್ಟುಕೊಳ್ಳುವುದು ಕೊಬ್ಬನ್ನೇ ಹೊರತು ನೀರನ್ನಲ್ಲ.

ಪ್ರಕೃತಕ್ಕೆ ಬರೋಣ. ಬಂಡಿಯ ಮಾಳಿಗೆಯ ಮೇಲೆ ಸೌರಫಲಕಗಳು, ಒಳಗೆ ಬ್ಯಾಟರಿ, ಎರಡರ ನಡುವೆ ಫಲಕದ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವಂತೆ ಹದಗೊಳಿಸುವ ನಿಯಂತ್ರಕ, ಇವಿಷ್ಟು ಇಂಥ ಸಂಸಾರದ ಬಂಡವಾಳ. ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಕೋಶವನ್ನು ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಲೋಕಕ್ಕೆ ತೋರಿಸಿದರು. ಅಂದು ನೂರು ಪಾಲು ಬಿಸಿಲಿನಲ್ಲಿ ಸುಮಾರು ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದಿನ ಒಳ್ಳೆಯ ಫಲಕಗಳಲ್ಲಿ ಇಪ್ಪತ್ತು ಪಾಲಿಗೂ ಮೀರಿದೆ. ಬ್ಯಾಟರಿಯಾದರೋ ಇದಕ್ಕಿಂತ ಹಳೆಯದು. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಕಂಡುಹಿಡಿದನು. ನಮ್ಮ ಮನೆಗಳಲ್ಲಿ ಕರೆಂಟು ಹೋದಾಗ ದೀಪ ಉರಿಸುವ ಯು. ಪಿ. ಎಸ್. ಬ್ಯಾಟರಿಗಳಲ್ಲಿ ಬಹಳ ಮಟ್ಟಿಗೆ ಇಂದಿಗೂ ಇರುವುದು ಅದೇ ಜಾತಿ. ಈಚಿನ ಮನೆಬಂಡಿಗಳಲ್ಲಿ ಅದರ ಸ್ಥಾನವನ್ನು ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಆಕ್ರಮಿಸುತ್ತಿದೆ. ಇದಕ್ಕೆ ತಳಹದಿಯಾದ ಪ್ರಬಂಧ ೧೯೯೭ರಲ್ಲಿ ಪ್ರಕಟವಾಯಿತು. ಅದರ ಕರ್ತೃಗಳಲ್ಲಿ ಒಬ್ಬರಾದ ಗುಡ್‌ಇನಫ್ ಅವರಿಗೆ ಲಿಥಿಯಮ್ ಬ್ಯಾಟರಿಗಳ ಸಂಶೋಧನೆಗಾಗಿ ೨೦೧೯ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಇನ್ನಿಬ್ಬರ ಹೆಸರು ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ ಎಂದು ತಿಳಿದಾಗ ಕನ್ನಡ ವಾಚಕರ ಕಿವಿ ತಾನಾಗಿಯೇ ನಿಮಿರುವುದು.

ಇಂಥ ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದು? ಸಾಧಾರಣವಾಗಿ ಕಂಡುಬರುವ ಅಳತೆಯೊಂದನ್ನು ತೆಗೆದುಕೊಳ್ಳೋಣ. ೨೦೦ ಆಂಪಿಯರ್‌ಗಂಟೆ, ೧೨.೮ ವೋಲ್ಟು. ಇವೆರಡನ್ನು ಗುಣಿಸಿದರೆ ೨,೫೬೦ ವಾಟ್‌ಗಂಟೆ. ಹತ್ತು ವಾಟಿನ ದೀಪ ಹತ್ತು ಗಂಟೆ ಉರಿದರೆ ನೂರು ವಾಟ್‌ಗಂಟೆ; ಮನೆಯ ಬಿಲ್ಲಿನಲ್ಲಿ ಒಂದು ಯೂನಿಟ್ಟೆಂದು ಬರೆಯುವುದು ಇಂಥ ಸಾವಿರ ವಾಟ್‌ಗಂಟೆಗಳನ್ನು. ಹಾಗಾದರೆ ಬ್ಯಾಟರಿಯ ಸಮಸ್ತ ಸಂಪತ್ತೂ ಎರಡೂವರೆ ಯೂನಿಟ್ಟು! ನಮ್ಮ ಸ್ನಾನದ ಮನೆಯ ಎರಡು ಸಾವಿರ ವಾಟಿನ ಗೀಸರು ಒಂದೂಕಾಲು ಗಂಟೆಯಲ್ಲಿ ಕಬಳಿಸುವಷ್ಟು. ಇಷ್ಟರಲ್ಲಿಯೇ ಸಂಸಾರ ತೂಗಿಸಬೇಕಾದುದರಿಂದ, ಉಳಿದಿರುವುದೆಷ್ಟು ಎಂಬುದನ್ನು ಸರಿಯಾಗಿ ತಿಳಿಯುವುದು ಶೋಕಿಯ ಮಾತಲ್ಲ.

ತಿಳಿಯುವುದು ಹೇಗೆ ಎಂಬಲ್ಲಿಯೇ ಬಹುಮಂದಿ ಮೋಸಹೋಗುವರು. ಹಳೆಯ ಬಂಡಿಗಳಲ್ಲಿಯೂ, ಬಾಡಿಗೆಗೆ ದೊರೆಯುವ ಅನೇಕ ಬಂಡಿಗಳಲ್ಲಿಯೂ, ಗೋಡೆಯ ಮೇಲೆ ಒಂದು ಗುಂಡಿ ಮತ್ತು ನಾಲ್ಕು ಪುಟ್ಟ ದೀಪಗಳ ಸಾಲು ಇರುವುದು. ಗುಂಡಿ ಒತ್ತಿದಾಗ ನಾಲ್ಕೂ ಹೊತ್ತಿದರೆ ಬ್ಯಾಟರಿ ತುಂಬಿದೆಯೆಂದೂ, ಎರಡು ಹೊತ್ತಿದರೆ ಅರ್ಧವಾಗಿದೆಯೆಂದೂ ಜನ ತಿಳಿಯುವರು. ಆದರೆ ಆ ದೀಪಗಳು ಅಳೆಯುವುದು ವೋಲ್ಟನ್ನೇ ಹೊರತು ಒಳಗಿನ ಸಂಗ್ರಹವನ್ನಲ್ಲ. ಬ್ಯಾಟರಿಯ ವೋಲ್ಟು ಎಂಬುದು ಮನುಷ್ಯನ ಮುಖಭಾವದಂತೆ; ಆಗಿನ ಪರಿಸ್ಥಿತಿಗೆ ತಕ್ಕಂತೆ ಬದಲಾಗುವುದು. ಬಿಸಿಲು ಬಿದ್ದು ವಿದ್ಯುತ್ತು ಒಳಗೆ ಹರಿಯುತ್ತಿರುವಾಗ ವೋಲ್ಟು ಏರಿರುವುದರಿಂದ, ಬ್ಯಾಟರಿ ಕಾಲುಭಾಗ ಮಾತ್ರ ತುಂಬಿದ್ದರೂ ನಾಲ್ಕು ದೀಪಗಳೂ ಹೊತ್ತಬಹುದು. ನೀರಿನ ಪಂಪು ಓಡುತ್ತಿರುವಾಗ ನೋಡಿದರೆ ಚೆನ್ನಾಗಿ ತುಂಬಿದ ಬ್ಯಾಟರಿಯೂ ಬಡವಾಗಿ ಕಾಣುವುದು.

ಸೀಸದ ಬ್ಯಾಟರಿಯನ್ನು ಕೆಲವು ಗಂಟೆಗಳ ಕಾಲ ಏನನ್ನೂ ಕೊಡದೆ, ಏನನ್ನೂ ತೆಗೆಯದೆ ಸುಮ್ಮನೆ ಬಿಟ್ಟು ಅಳೆದರೆ ವೋಲ್ಟು ಒಂದಿಷ್ಟು ನಿಜ ಹೇಳುವುದು: ತುಂಬಿದಾಗ ಸುಮಾರು ೧೨.೭, ಅರ್ಧವಾದಾಗ ೧೨.೨ರ ಆಸುಪಾಸು. ಆದರೆ ಜನ ವಾಸಿಸುವ ಮನೆಯಲ್ಲಿ ಬ್ಯಾಟರಿಗೆ ಅಂಥ ವಿಶ್ರಾಂತಿ ಎಲ್ಲಿಂದ ಬರಬೇಕು? ಲಿಥಿಯಮ್ ಫಾಸ್ಫೇಟಿನ ಬ್ಯಾಟರಿಯಂತೂ ಇನ್ನೂ ಗುಟ್ಟಿನದು. ನೂರಕ್ಕೆ ತೊಂಬತ್ತರಿಂದ ಇಪ್ಪತ್ತರವರೆಗೆ ಇಳಿಯುವಾಗಲೂ ಅದರ ವೋಲ್ಟು ೧೩.೩ರಿಂದ ೧೨.೯ರ ಸುತ್ತಿಗೆ ಮಾತ್ರ ಇಳಿಯುವುದು. ಕೊನೆಯ ಹತ್ತು ಪಾಲಿನಲ್ಲಿ ದಡದಡನೆ ಕುಸಿಯುವುದು. ಬಳಿಕ ಬ್ಯಾಟರಿಯೊಳಗಿನ ರಕ್ಷಣಾಯಂತ್ರ ತನ್ನ ಕೋಶಗಳು ಕೆಡದಿರಲೆಂದು ಸಂಪರ್ಕವನ್ನೇ ಕಡಿದುಬಿಡುವುದು. ಮಂಕಾಗುತ್ತ ಹೋಗುವ ದೀಪದ ಎಚ್ಚರಿಕೆಯೂ ಇಲ್ಲ. ಒಂದು ಕ್ಷಣ ಬೆಳಕು, ಮರುಕ್ಷಣ ಕತ್ತಲು.

ಕತ್ತಲಾದರೆ ಏನು ಮಹಾ, ಮೋಂಬತ್ತಿ ಹಚ್ಚಿಕೊಂಡರಾಯಿತು ಎನ್ನಬಹುದು. ಆದರೆ ಕ್ವಾರ್ಟ್‌ಸೈಟಿನ ಬಯಲಿನಲ್ಲಿ ಬೀಡುಬಿಟ್ಟವರಲ್ಲಿ ಅನೇಕರು ವಯಸ್ಸಾದವರು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯುಳ್ಳವರು ಮೂಗಿಗೆ ಗಾಳಿಯೊತ್ತುವ ಸೀಪ್ಯಾಪ್ ಯಂತ್ರವನ್ನು ತೊಟ್ಟು ಮಲಗುವರು. ಮಧುಮೇಹಿಗಳ ಇನ್ಸುಲಿನ್ ಫ್ರಿಜ್ಜಿನಲ್ಲಿರುವುದು. ಬಂಡಿಯನ್ನು ಬೆಚ್ಚಗಿಡುವ ಒಲೆ ಅನಿಲದಿಂದ ಉರಿಯುವುದಾದರೂ, ಬಿಸಿಗಾಳಿಯನ್ನು ಊದುವ ಅದರ ಫ್ಯಾನು ಓಡುವುದು ಬ್ಯಾಟರಿಯಿಂದ. ಫ್ಯಾನು ನಿಂತರೆ ಅನಿಲ ತುಂಬಿದ ಸಿಲಿಂಡರಿದ್ದೂ ಒಲೆ ಉರಿಯದು. ಅನಿಲ ಸೋರಿದರೆ, ಅಥವಾ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡಿನ ವಿಷ ಕೂಡಿದರೆ ಕೂಗಿ ಎಬ್ಬಿಸುವ ಯಂತ್ರಗಳೂ ಅನೇಕ ಬಂಡಿಗಳಲ್ಲಿ ಇದೇ ಬ್ಯಾಟರಿಯನ್ನು ನಂಬಿಕೊಂಡಿರುತ್ತವೆ. ಇಷ್ಟೆಲ್ಲವೂ ಒಂದೇ ಗಳಿಗೆಯಲ್ಲಿ ನಿಂತುಹೋಗುವುದು, ಅದೂ ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ. ಏಕೆಂದರೆ ರಾತ್ರಿಯಿಡೀ ಖರ್ಚು ಮಾತ್ರ ಇದ್ದು ಜಮೆಯಿಲ್ಲದ್ದರಿಂದ ಬ್ಯಾಟರಿ ಅತ್ಯಂತ ಬರಿದಾಗಿರುವುದೂ, ಚಳಿ ಅತ್ಯಂತ ಹೆಚ್ಚಾಗಿರುವುದೂ ಆ ಹೊತ್ತಿನಲ್ಲಿಯೇ. ಅಂಥ ಹೊತ್ತಿನಲ್ಲಿ ಪೆಟ್ರೋಲಿನ ಜನರೇಟರನ್ನು ಓಡಿಸೋಣವೆಂದರೆ, ನೆರೆಯವರ ನಿದ್ರೆಯ ಸಲುವಾಗಿ ಅನೇಕ ಬಿಡಾರಭೂಮಿಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅದಕ್ಕೆ ನಿಷೇಧ.

ಆದುದರಿಂದ ತಿಳಿದವರು ಮುಖ ನೋಡಿ ಐಶ್ವರ್ಯವನ್ನು ಊಹಿಸುವುದನ್ನು ಬಿಟ್ಟು, ಅಂಗಡಿಯ ಶೆಟ್ಟರಂತೆ ಕಿರ್ದಿ ಬರೆಯತೊಡಗಿದರು. ಬಂದುದೆಷ್ಟು, ಹೋದುದೆಷ್ಟು, ಶಿಲ್ಕು ಎಷ್ಟು? ಬ್ಯಾಟರಿ ಮಾನಿಟರು ಎಂಬ ಯಂತ್ರ ಮಾಡುವುದು ಇದಿಷ್ಟನ್ನೇ. ಅದರ ಪ್ರಾಣ ಷಂಟ್ ಎಂಬ ಒಂದು ಲೋಹದ ತುಂಡಿನಲ್ಲಿದೆ. ಬ್ಯಾಟರಿಯ ಋಣತುದಿಗೂ ಬಂಡಿಯ ಉಳಿದೆಲ್ಲ ತಂತಿಗಳಿಗೂ ನಡುವೆ ಇದನ್ನು ಕೂಡಿಸುವರು. ಇದರ ತಡೆ ಅತ್ಯಲ್ಪ. ಸಾಮಾನ್ಯವಾಗಿ ಬಳಕೆಯಲ್ಲಿರುವ ಷಂಟಿನಲ್ಲಿ ೫೦೦ ಆಂಪಿಯರು ಹರಿದಾಗ ಅದರ ಎರಡು ತುದಿಗಳ ನಡುವೆ ಒಂದು ವೋಲ್ಟಿನ ಇಪ್ಪತ್ತನೆಯ ಒಂದು ಪಾಲು, ಎಂದರೆ ೫೦ ಮಿಲಿವೋಲ್ಟು, ಕಾಣಿಸಿಕೊಳ್ಳುವುದು. ಒಂದು ಆಂಪಿಯರು ಹರಿದರೆ ಹತ್ತು ಸಾವಿರದಲ್ಲೊಂದು ಪಾಲು ವೋಲ್ಟು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಯಂತ್ರ ಅಳೆದು, ಪ್ರವಾಹ ಒಳಮುಖವೋ ಹೊರಮುಖವೋ ಎಂದು ನೋಡಿ, ಕ್ಷಣಕ್ಷಣಕ್ಕೂ ಕೂಡಿಸುತ್ತ ಕಳೆಯುತ್ತ ಹೋಗುವುದು. ಫಲಿತಾಂಶವನ್ನು ಗೋಡೆಯ ಮೇಲಣ ಪುಟ್ಟ ಮುಖದಲ್ಲಿಯೋ, ಈಗಿನ ಕಾಲದಲ್ಲಿ ಜೇಬಿನ ಫೋನಿನಲ್ಲಿಯೋ ಓದಿಕೊಳ್ಳಬಹುದು.

ಇಲ್ಲಿ ಮೊದಲನೆಯ ಎಚ್ಚರಿಕೆ: ಪ್ರತಿಯೊಂದು ತಂತಿಯೂ ಈ ಸುಂಕದ ಕಟ್ಟೆಯನ್ನು ದಾಟಿಯೇ ಹೋಗತಕ್ಕದ್ದು. ಅವಸರದ ಕೆಲಸಗಾರನೊಬ್ಬನು ಹೊಸ ಫ್ಯಾನಿನ ತಂತಿಯನ್ನೋ ಸೌರನಿಯಂತ್ರಕದ ತಂತಿಯನ್ನೋ ನೇರವಾಗಿ ಬ್ಯಾಟರಿಯ ಋಣತುದಿಗೆ ಕಟ್ಟಿಬಿಟ್ಟರೆ ಆ ವ್ಯವಹಾರ ಲೆಕ್ಕಕ್ಕೇ ಬಾರದು. ಫ್ಯಾನು ಲೆಕ್ಕ ತಪ್ಪಿಸಿದರೆ ಯಂತ್ರ ಇಲ್ಲದ ಹಣವನ್ನು ಇದೆಯೆಂದು ಹೇಳುವುದು. ಫಲಕ ಲೆಕ್ಕ ತಪ್ಪಿಸಿದರೆ ಇರುವ ಹಣವನ್ನು ಇಲ್ಲವೆನ್ನುವುದು. ಪರೀಕ್ಷಿಸುವ ಉಪಾಯ ಸುಲಭ. ರಾತ್ರಿಯ ಹೊತ್ತಿನಲ್ಲಿ ಎಲ್ಲವನ್ನೂ ಆರಿಸಿ, ಬಳಿಕ ಒಂದೊಂದನ್ನೇ ಹಚ್ಚುತ್ತ ಬಂದು, ಪ್ರತಿಯೊಂದಕ್ಕೂ ಮಾನಿಟರಿನ ಅಂಕೆ ಅಲುಗಿತೋ ಇಲ್ಲವೋ ಎಂದು ನೋಡಿದರಾಯಿತು.

ಎರಡನೆಯದು ಆರಂಭದ ಶಿಲ್ಕು. ಯಂತ್ರಕ್ಕೆ ಎಣಿಸಲು ಬರುವುದೇ ಹೊರತು ಬ್ಯಾಟರಿಯ ಒಳಹೊಕ್ಕು ನೋಡಲು ಬಾರದು. ಆದುದರಿಂದ ಬ್ಯಾಟರಿ ನಿಜವಾಗಿ ತುಂಬಿದ ಗಳಿಗೆಯನ್ನು ಗುರುತಿಸಿ, ಅಲ್ಲಿಂದ ನೂರೆಂದು ಎಣಿಕೆ ಪ್ರಾರಂಭಿಸಬೇಕು. ತುಂಬಿದೆಯೆಂದು ಅರಿಯುವ ಲಕ್ಷಣ ಎರಡು: ವೋಲ್ಟು ನಿಗದಿಯಾದ ಎತ್ತರವನ್ನು ಮುಟ್ಟಿರಬೇಕು, ಮತ್ತು ಒಳಹರಿವು ಬ್ಯಾಟರಿಯ ಗಾತ್ರದ ನೂರಕ್ಕೆ ನಾಲ್ಕರಷ್ಟಕ್ಕೆ, ನಮ್ಮ ೨೦೦ರ ಬ್ಯಾಟರಿಯಲ್ಲಿ ೮ ಆಂಪಿಯರಿಗೆ, ಇಳಿದಿರಬೇಕು. ಹೊಟ್ಟೆ ತುಂಬಿದ ಮಗು ಬಾಯಿಗೆ ಬಂದ ತುತ್ತನ್ನು ಪಕ್ಕಕ್ಕೆ ತಳ್ಳುವಂತೆ ಬ್ಯಾಟರಿಯೂ ಆಗ ವಿದ್ಯುತ್ತನ್ನು ಒಲ್ಲೆನ್ನುವುದು. ಆದರೆ ಸೌರಶಕ್ತಿಯಲ್ಲಿ ಒಂದು ಸೂಕ್ಷ್ಮವುಂಟು. ವೋಲ್ಟು ಎತ್ತರದಲ್ಲಿರುವಾಗಲೇ ಒಂದು ಮೋಡ ಹಾದುಹೋಯಿತೆನ್ನಿ. ಒಳಹರಿವು ಥಟ್ಟನೆ ಇಳಿಯುವುದು. ಮಗು ತುತ್ತನ್ನು ತಳ್ಳಲಿಲ್ಲ, ಅಮ್ಮನ ಕೈಯೇ ನಿಂತಿತು. ಆದರೆ ಯಂತ್ರಕ್ಕೆ ಈ ಭೇದ ತಿಳಿಯದೆ, ಬ್ಯಾಟರಿ ತುಂಬಿತೆಂದು ನೂರು ಬರೆದುಬಿಡುವುದು. ಈ ಪ್ರಮಾದವನ್ನು ತಪ್ಪಿಸಲು, ಆ ಎರಡು ಲಕ್ಷಣಗಳೂ ಕೆಲವು ನಿಮಿಷ ಎಡೆಬಿಡದೆ ನಿಂತರೆ ಮಾತ್ರ ನಂಬಬೇಕೆಂದು ಯಂತ್ರಕ್ಕೆ ಅಪ್ಪಣೆ ಮಾಡಿಡಬಹುದು. ಮೋಡಗಳ ಕಾಲದಲ್ಲಿ ಆ ಅವಧಿಯನ್ನು ಹೆಚ್ಚಿಸುವುದು ಲೇಸು. ಎಷ್ಟೇ ಒಳ್ಳೆಯ ಯಂತ್ರವಾದರೂ ಚಿಲ್ಲರೆ ತಪ್ಪುಗಳು ದಿನದಿನಕ್ಕೂ ಕೂಡುತ್ತ ಹೋಗುವುದರಿಂದ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬ್ಯಾಟರಿಯನ್ನು ಪೂರ್ತಿಯಾಗಿ ತುಂಬಿಸಿ ಲೆಕ್ಕವನ್ನು ಸರಿಮಾಡಿಕೊಳ್ಳಬೇಕು.

ಸೀಸದ ಬ್ಯಾಟರಿಯುಳ್ಳವರಿಗೆ ಇನ್ನೊಂದು ತೊಡಕಿದೆ. ಬೇಗಬೇಗನೆ ಖರ್ಚುಮಾಡಿದರೆ ಅದು ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುವುದು. ಜರ್ಮನಿಯ ವಿಜ್ಞಾನಿ ಪಾಯ್ಕರ್ಟ್ ಇದರ ಸೂತ್ರವನ್ನು ೧೮೯೭ರಲ್ಲಿಯೇ ಬರೆದಿಟ್ಟನು. ೫ ಆಂಪಿಯರಿನಂತೆ ಇಪ್ಪತ್ತು ಗಂಟೆ ಕೊಡಬಲ್ಲ ನೂರರ ಬ್ಯಾಟರಿಯಿಂದ ಒಮ್ಮೆಲೇ ೫೦ ಆಂಪಿಯರು ಸೆಳೆದರೆ, ಅದರ ಸ್ವಭಾವಕ್ಕೆ ತಕ್ಕಂತೆ, ಅರವತ್ತೂ ದೊರೆಯದೆ ಹೋಗಬಹುದು. ಮೇಲಾಗಿ ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯುಸ್ಸು ಸವೆಯುವುದು. ಲಿಥಿಯಮಿಗೆ ಈ ಎರಡು ಕಾಟಗಳೂ ಬಹಳ ಕಡಿಮೆ.

ಇನ್ನು ಯಂತ್ರ ಕೂಡಿಸಿ ನೋಡಿದಾಗ ಹೊರಬೀಳುವ ಸಂಗತಿಗಳೇ ಸ್ವಾರಸ್ಯಕರ. ಕ್ವಾರ್ಟ್‌ಸೈಟಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಇಳಿದುಕೊಂಡಿರುವ ಇಬ್ಬರೇ ದಂಪತಿಗಳ ಸಂಸಾರವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮಾಳಿಗೆಯ ಮೇಲೆ ೪೦೦ ವಾಟಿನ ಫಲಕಗಳು, ಒಳಗೆ ಮೇಲೆ ಹೇಳಿದ ೨,೫೬೦ ವಾಟ್‌ಗಂಟೆಯ ಬ್ಯಾಟರಿ. ನಾನೂರು ವಾಟೆಂದರೆ ದಿನವಿಡೀ ನಾನೂರು ಬರುವುದೆಂದು ಎಣಿಸಬಾರದು. ಅದು ಸಂಪೂರ್ಣ ಬಿಸಿಲು ನೆಟ್ಟಗೆ ಬಿದ್ದಾಗಿನ ಮಾತು. ಡಿಸೆಂಬರಿನಲ್ಲಿ ಅಲ್ಲಿ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು ೩೩ ಡಿಗ್ರಿ ಮಾತ್ರ ಮೇಲೇರುವನು. ಮಲಗಿಸಿಟ್ಟ ಫಲಕದ ಮೇಲೆ ಓರೆಯಾಗಿ ಬೀಳುವ ಆ ಬಿಸಿಲಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬಲ ಮಾತ್ರ. ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಸಂಪೂರ್ಣ ಬಿಸಿಲಿನ ಸುಮಾರು ಮೂರು ಗಂಟೆಗಳಿಗೆ ಸಮ, ಜೂನಿನಲ್ಲಾದರೆ ಎಂಟು. ಧೂಳು, ತಂತಿ, ನಿಯಂತ್ರಕ ಮುಂತಾದವು ಕಾಲುಪಾಲನ್ನು ತಿಂದುಹಾಕಿದರೆ ದಿನದ ಜಮೆ ೯೦೦ ವಾಟ್‌ಗಂಟೆ.

ಖರ್ಚನ್ನು ನೋಡಿ. ಫ್ರಿಜ್ಜಿಗೆ ೪೫೦. ಅನಿಲದ ಒಲೆಯ ಫ್ಯಾನು ತೊಂಬತ್ತು ವಾಟಿನಂತೆ ರಾತ್ರಿ ಒಟ್ಟು ನಾಲ್ಕು ಗಂಟೆ ಓಡಿದರೆ ೩೬೦. ಯಜಮಾನರ ಸೀಪ್ಯಾಪ್ ಯಂತ್ರಕ್ಕೆ ೨೪೦. ಗಾಳಿಯನ್ನು ತೇವಗೊಳಿಸುವ ಅದರ ಕಾವಲಿಯನ್ನೂ ಹಚ್ಚಿದರೆ ಇದು ಇಮ್ಮಡಿಯಾಗುವುದುಂಟು. ದೀಪಗಳಿಗೆ ೬೦, ನೀರಿನ ಪಂಪಿಗೆ ೨೦, ಅಪಾಯಸೂಚಕಗಳೂ ಚಿಲ್ಲರೆ ಯಂತ್ರಗಳೂ ಸೇರಿ ೪೦, ಫೋನು ಮತ್ತು ಕಂಪ್ಯೂಟರಿಗೆ ೧೦೦. ಒಟ್ಟು ೧,೨೭೦. ವಾಚಕರು ಗಮನಿಸತಕ್ಕ ಮಾತೆಂದರೆ, "ದೀಪ ಆರಿಸು, ದೀಪ ಆರಿಸು" ಎಂದು ದಿನವೂ ಮನೆಮಂದಿಯನ್ನು ಗದರಿಸಲು ಕಾರಣವಾದ ದೀಪಗಳ ಪಾಲು ಇದರಲ್ಲಿ ಇಪ್ಪತ್ತರಲ್ಲೊಂದೂ ಅಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಬ್ಯಾಟರಿಯ ವಿದ್ಯುತ್ತನ್ನು ಮನೆಯ ಸಾಮಾನುಗಳಿಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರೊಂದು ಮೂಲೆಯಲ್ಲಿ ಕುಳಿತಿದೆ. ದೊಡ್ಡ ಇನ್ವರ್ಟರು ಯಾರಿಗೂ ಏನನ್ನೂ ಕೊಡದೆ ಸುಮ್ಮನೆ ಕುಳಿತಿರುವಾಗಲೂ ತನ್ನ ಪೋಷಣೆಗೆಂದು ಇಪ್ಪತ್ತು ವಾಟಿನಷ್ಟು ತೆಗೆದುಕೊಳ್ಳುವುದು. ಇಪ್ಪತ್ತು ವಾಟೆಂದರೆ ಎಷ್ಟರದು ಎಂದು ತಾತ್ಸಾರಮಾಡಿ ಹಗಲಿರುಳೂ ಹಚ್ಚಿಟ್ಟರೆ ೪೮೦ ವಾಟ್‌ಗಂಟೆ, ಫ್ರಿಜ್ಜಿಗಿಂತಲೂ ಹೆಚ್ಚು! ಖರ್ಚು ೧,೭೫೦ಕ್ಕೆ ಏರಿತು, ಜಮೆ ೯೦೦, ದಿನಕ್ಕೆ ೮೫೦ರ ಕೊರತೆ. ತುಂಬಿದ ಬ್ಯಾಟರಿ ಮೂರು ದಿನಕ್ಕೆ ಬರಿದು. ಮಾನಿಟರಿಲ್ಲದ ಸಂಸಾರದಲ್ಲಿ ಈ ಗುಪ್ತ ಬಾಯಿ ಯಾರ ಕಣ್ಣಿಗೂ ಬೀಳದು. ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ಕೊಳ್ಳಲು ಹೊರಡುವವರೂ ಇರುವರು. ಮಾನಿಟರುಳ್ಳವರಾದರೋ ಎಲ್ಲ ದೀಪಗಳನ್ನೂ ಆರಿಸಿದ ಮೇಲೂ ಒಂದೂವರೆ ಆಂಪಿಯರು ಎಲ್ಲಿಗೆ ಹೋಗುತ್ತಿದೆಯೆಂದು ಹುಡುಕುತ್ತ ಹೋಗಿ ಅದನ್ನು ಹಿಡಿಯುವರು.

ಇನ್ವರ್ಟರನ್ನು ದಿನಕ್ಕೆ ಮೂರು ಗಂಟೆ ಮಾತ್ರ ಹಚ್ಚಿ, ಸೀಪ್ಯಾಪನ್ನು ಇನ್ವರ್ಟರಿನ ಹಂಗಿಲ್ಲದೆ ನೇರವಾಗಿ ಬ್ಯಾಟರಿಯಿಂದಲೇ ಓಡಿಸುವ ಜೋಡಣೆ ತಂದುಕೊಂಡರೆ ಖರ್ಚು ೧,೩೩೦ಕ್ಕೆ ಇಳಿಯುವುದು, ಮೂರು ದಿನದ ಬಾಳುವೆ ಆರು ದಿನವಾಗುವುದು. ಮುಂದಿನ ಉಪಾಯ ಇನ್ನೂ ಸೊಗಸಿನದು. ಮಾಳಿಗೆಯ ಮೇಲೆ ಮಲಗಿರುವ ಫಲಕಗಳ ಒಂದು ಅಂಚನ್ನು ಎತ್ತಿ, ದಕ್ಷಿಣದ ಸೂರ್ಯನಿಗೆ ಮುಖಮಾಡಿ ಓರೆಯಾಗಿ ನಿಲ್ಲಿಸಿದರೆ, ಡಿಸೆಂಬರಿನಲ್ಲಿ ಅದೇ ಫಲಕ ಒಂದೂವರೆಯಷ್ಟು ಕೊಡುವುದು. ೯೦೦ ಇದ್ದದ್ದು ೧,೩೫೦. ಜಮಾಖರ್ಚು ಸರಿತೂಗಿ ಇಪ್ಪತ್ತು ವಾಟ್‌ಗಂಟೆ ಉಳಿಯಿತು! ಒಂದು ದಿನ ಮೋಡ ಮುಸುಕಿದರೆ ಈ ಸಮತೂಕ ಉರುಳುವುದು ನಿಜವೇ. ಆಗ ಹಗಲಿನಲ್ಲಿ ಜನರೇಟರನ್ನು ಓಡಿಸಬಹುದು. ಅಥವಾ ತಕ್ಕ ಜೋಡಣೆಯುಳ್ಳ ಬಂಡಿಯಾದರೆ ಒಂದು ಗಂಟೆ ಪೇಟೆಯ ಕಡೆಗೆ ಓಡಿಸಿಕೊಂಡು ಬಂದರೆ ಎಂಜಿನ್ನಿನಿಂದ ಸುಮಾರು ೪೦೦ ವಾಟ್‌ಗಂಟೆ ತುಂಬಿಕೊಳ್ಳುವುದು. ಹೇಗಿದ್ದರೂ ಸಮಯ ಮೀರುವ ಮೊದಲೇ ತಿಳಿದಿರುವುದು, ಅದೇ ಇಲ್ಲಿ ಮುಖ್ಯ.

ತಮ್ಮ ಹಳೆಯ ಅಭ್ಯಾಸಗಳನ್ನೆಲ್ಲ ಬಂಡಿಗೂ ತರಬೇಕೆನ್ನುವವರಿಗೆ ಈ ಲೆಕ್ಕ ಕಹಿಯಾಗಿ ಕಾಣಬಹುದು. ಇಂಡಕ್ಷನ್ ಒಲೆಯ ಮೇಲೆ ಇಪ್ಪತ್ತು ನಿಮಿಷ ಅನ್ನ ಸಾರು ಮಾಡಿದರೆ ೫೦೦ ವಾಟ್‌ಗಂಟೆ ಹೋಯಿತು; ಆ ಹೊತ್ತಿನಲ್ಲಿ ಬ್ಯಾಟರಿಯ ತಂತಿಯಲ್ಲಿ ೧೩೦ ಆಂಪಿಯರು ಹರಿಯುತ್ತಿರುವುದು. ಉಪಗ್ರಹದಿಂದ ಅಂತರ್ಜಾಲ ತರುವ ತಟ್ಟೆಯನ್ನು ಹಗಲಿರುಳು ಹಚ್ಚಿಟ್ಟರೆ ಒಂದೂಕಾಲು ಯೂನಿಟ್ಟಿಗೂ ಮಿಗಿಲು, ಎಂದರೆ ನಮ್ಮ ದಂಪತಿಗಳ ಇಡೀ ಸಂಸಾರದ ಖರ್ಚಿನಷ್ಟು. ಮೊಮ್ಮಕ್ಕಳ ಮುಖ ನೋಡಲು ಸಂಜೆ ಒಂದು ಗಂಟೆ ಹಚ್ಚಿದರೆ ಸಾಲದೆ? ಇದರ ತೀರ್ಮಾನ ಅವರವರಿಗೆ ಬಿಟ್ಟದ್ದು.

ಮಾನಿಟರನ್ನು ಯಾವಾಗ ನೋಡಬೇಕೆಂಬ ವಿಷಯದಲ್ಲಿ ಅನೇಕರು ತಪ್ಪುವರು. ಸಂಜೆ ನೋಡಿದರೆ ಅಂಕೆ ಯಾವಾಗಲೂ ಚೆನ್ನಾಗಿಯೇ ಇರುವುದು. ನೋಡಬೇಕಾದುದು ಬೆಳಗ್ಗೆ, ಬಿಸಿಲು ಫಲಕವನ್ನು ಮುಟ್ಟುವ ಮುನ್ನ. ಆ ಅಂಕೆಯನ್ನು ಗೋಡೆಯ ಪಂಚಾಂಗದಲ್ಲಿ ದಿನವೂ ಬರೆದಿಟ್ಟರೆ ನಾಲ್ಕಾರು ದಿನಗಳಲ್ಲಿಯೇ ಸಂಸಾರ ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಿಗೆ ಕಟ್ಟುವುದು. ೭೦, ೬೧, ೫೨ ಎಂದು ಇಳಿಯುತ್ತ ಬಂದರೆ ಇನ್ನೈದು ದಿನಗಳ ಮಾತು ಎಂದು ಸಣ್ಣ ಹುಡುಗನೂ ಹೇಳಬಲ್ಲನು. ಮೂವತ್ತಕ್ಕೆ ಇಳಿದೊಡನೆ ಕೂಗುವಂತೆ ಗಂಟೆಯನ್ನು ಗೊತ್ತುಮಾಡಿಡುವುದೂ ಸಾಧ್ಯ. ಸೀಪ್ಯಾಪ್ ತೊಟ್ಟು ಮಲಗುವವರಿರುವ ಬಂಡಿಯಲ್ಲಿ ಇದನ್ನು ಮಾಡದೆ ಇರಬಾರದು.

ಫಲಕದ ಅಂಕೆಯನ್ನು ಓದುವಲ್ಲಿಯೂ ಒಂದು ಭ್ರಮೆ ಸಾಮಾನ್ಯ. ಮಧ್ಯಾಹ್ನ ಸುಡುವ ಬಿಸಿಲಿದೆ, ನಿಯಂತ್ರಕ ಮಾತ್ರ ಮೂವತ್ತು ವಾಟೆಂದು ತೋರಿಸುತ್ತಿದೆ. ಫಲಕ ಕೆಟ್ಟಿತೆಂದು ಗಾಬರಿಯಾಗಿ ಏಣಿ ಹಾಕುವರು. ಬ್ಯಾಟರಿ ತುಂಬಿದ ಮೇಲೆ ಕೇಳುವವರಿಲ್ಲದ್ದರಿಂದ ಫಲಕ ಕೊಡುವುದನ್ನು ನಿಲ್ಲಿಸಿರುವುದು, ಅಷ್ಟೆ. ಒಲೆಯನ್ನೋ ಕಂಪ್ಯೂಟರನ್ನೋ ಹಚ್ಚಿ ನೋಡಿದರೆ ಕೂಡಲೇ ಅಂಕೆ ಮೇಲೇರುವುದು. ದೊಡ್ಡ ಖರ್ಚುಗಳನ್ನು ಈ ಹೊತ್ತಿಗೇ ಇಟ್ಟುಕೊಳ್ಳುವುದು ಜಾಣತನ. ವ್ಯರ್ಥವಾಗುತ್ತಿದ್ದ ಬಿಸಿಲಿನಲ್ಲಿ ಅಡಿಗೆಯಾದಂತಾಯಿತು. ಬ್ಯಾಟರಿ ತುಂಬದೆಯೇ ಅಂಕೆ ಇಳಿದಿದ್ದರೆ ಮಾತ್ರ ಮೇಲೆ ನೋಡಬೇಕು. ಮರದ ಕೊಂಬೆಯೊಂದರ ನೆರಳು ಫಲಕದ ಒಂದು ಮೂಲೆಯ ಮೇಲೆ ಬಿದ್ದರೂ, ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಲ್ಪಟ್ಟಿರುವುದರಿಂದ, ನೆರಳಿನ ಗಾತ್ರಕ್ಕಿಂತ ಎಷ್ಟೋ ಪಾಲು ಹೆಚ್ಚು ನಷ್ಟವಾಗುವುದು.

ಲಿಥಿಯಮ್ ಬ್ಯಾಟರಿಯನ್ನು ನಂಬಿ ಬೆಟ್ಟದ ಊರುಗಳಿಗೆ ಏರುವವರು ಉಷ್ಣಮಾಪಕವನ್ನೂ ನೋಡಬೇಕು. ಅದೇ ಅರಿಜೋನಾದಲ್ಲಿ ಸುಮಾರು ೨,೧೦೦ ಮೀಟರ್ ಎತ್ತರದಲ್ಲಿರುವ ಫ್ಲಾಗ್‌ಸ್ಟಾಫಿನಲ್ಲಿ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುವುದು. ಬ್ಯಾಟರಿಯ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಅದರಿಂದ ವಿದ್ಯುತ್ತನ್ನು ತೆಗೆಯಬಹುದು, ತುಂಬಿಸಬಾರದು. ತುಂಬಿಸಿದರೆ ಲಿಥಿಯಮ್ ಒಳಗೆ ಲೋಹವಾಗಿ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುವುದು. ಒಳ್ಳೆಯ ಬ್ಯಾಟರಿಗಳು ತಾವೇ ಒಳಹರಿವನ್ನು ತಡೆಯುವುವು. ಬೆಳಗ್ಗೆ ಬಿಸಿಲಿದ್ದೂ ಜಮೆ ಸೊನ್ನೆಯಾಗಿರುವುದಕ್ಕೆ ಇದು ಕಾರಣವಾಗಿರಬಹುದು. ಆದುದರಿಂದಲೇ ಬ್ಯಾಟರಿಯನ್ನು ಬಂಡಿಯ ಹೊರಗಣ ಗೂಡಿನಲ್ಲಿಡದೆ ಜನ ಮಲಗುವ ಕಡೆಯಲ್ಲಿಯೇ ಇಡುವ ಪದ್ಧತಿ ಬಂದಿದೆ.

ಅಮೆರಿಕದಲ್ಲಿ ನೆಲಸಿರುವ ಮಕ್ಕಳನ್ನು ನೋಡಲು ಹೋದ ನಮ್ಮ ಕಡೆಯ ತಂದೆತಾಯಿಗಳನ್ನೂ ಕೂರಿಸಿಕೊಂಡು ಬಾಡಿಗೆಯ ಮನೆಬಂಡಿಯಲ್ಲಿ ನಾಲ್ಕು ದಿನ ಸುತ್ತಿಬರುವ ಕನ್ನಡ ಕುಟುಂಬಗಳಿವೆ. ಅಂಥವರು ಬೀಗದ ಕೈ ತೆಗೆದುಕೊಳ್ಳುವಾಗಲೇ, ಬ್ಯಾಟರಿ ಸೀಸದ್ದೋ ಲಿಥಿಯಮಿನದೋ, ಎಷ್ಟು ಆಂಪಿಯರ್‌ಗಂಟೆಯದು, ಗೋಡೆಯ ಮೇಲಿರುವುದು ವೋಲ್ಟಿನ ದೀಪಗಳೋ ಎಣಿಸುವ ಮಾನಿಟರೋ, ಇನ್ವರ್ಟರಿನ ಗುಂಡಿ ಎಲ್ಲಿದೆ, ಹಿರಿಯರ ಸೀಪ್ಯಾಪನ್ನು ಯಾವ ಜೋಡಣೆಗೆ ಸಿಕ್ಕಿಸಬೇಕು ಎಂದು ಕೇಳಿ ತಿಳಿದುಕೊಳ್ಳಬೇಕು. ಬರಿಯ ದೀಪಗಳ ಸಾಲಿದ್ದರೆ ಅದನ್ನು ಹಗಲಿನಲ್ಲಿ ನೋಡುವುದು ವ್ಯರ್ಥ. ಸೂರ್ಯ ಮುಳುಗಿ ಒಂದು ಗಂಟೆ ಕಳೆದ ಮೇಲೆ, ಪಂಪು ಫ್ಯಾನುಗಳನ್ನು ನಿಲ್ಲಿಸಿ ಗುಂಡಿ ಒತ್ತಬೇಕು. ವಿದ್ಯುತ್ತು ಸಾಲದೆಂದು ಏನನ್ನಾದರೂ ಆರಿಸಬೇಕಾಗಿ ಬಂದರೆ ಇನ್ವರ್ಟರನ್ನು ಮೊದಲು, ಬಳಿಕ ಅಂತರ್ಜಾಲದ ತಟ್ಟೆಯನ್ನು, ಆಮೇಲೆ ಮಿಕ್ಕವುಗಳನ್ನು ಆರಿಸಬಹುದು. ಅನಿಲದ ಮತ್ತು ವಿಷವಾಯುವಿನ ಅಪಾಯಸೂಚಕಗಳ ತಂತಿಯನ್ನು ಮಾತ್ರ ಯ ಕಾರಣಕ್ಕೂ ಕೀಳಕೂಡದು. ಅವು ಉಣ್ಣುವುದು ಒಂದೆರಡು ವಾಟು.